ಬಾವಿ ಇಲ್ಲದ ಊರಿನ ಗಂಗೆ ಪೂಜೆ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ಸೊಪ್ಪು ಸೋಸುತ್ತಲೇ ‘ಹೂಂ’ ಎಂದು ಸುಮ್ಮನಾಗುತ್ತಿದ್ದವಳು ನಾನು. ಈಗ ನನ್ನದನ್ನೇ ಹೇಳಬೇಕಾಗಿದೆ. ನೀವು ನಂಬಲೇಬೇಕೆಂದೇನಿಲ್ಲ.

ಕೋವಿಡ್‌ನ ಎರಡನೇ ವರ್ಷ. ಅಮೆರಿಕದ ಗೈದರ್ಸ್‌ಬರ್ಗ್‌ನ ನಮ್ಮ ಮನೆಯಲ್ಲಿ ಮಗಳು ಅನಘಾಳ ಬಾಣಂತನ. ಮಗು ದಿನ ತುಂಬುವ ಮೊದಲೇ ಹುಟ್ಟಿ ವಾಷಿಂಗ್ಟನ್ನಿನ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲಿತ್ತು. ಅದಕ್ಕೆ ತಾಯಿಯ ಹಾಲೇ ಬೇಕು ಎಂದು ಡಾಕ್ಟರು ಹೇಳಿದ್ದರು. ಇವಳು ಹೊತ್ತುಹೊತ್ತಿಗೆ ಎದೆಹಾಲು ತೆಗೆಯುವ ಪಂಪ್ ಹಿಡಿದು ಕೂರುವಳು, ಬಾಟಲಿಯ ತಳವೂ ಒದ್ದೆಯಾಗುತ್ತಿರಲಿಲ್ಲ. ಮೆಂತ್ಯದ ಗಂಜಿ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಎಲ್ಲ ಮಾಡಿ ಹಾಕಿದೆ. ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

ನಮ್ಮಲ್ಲಿ ಬಾಣಂತಿ ಬಾವಿಗೆ ಗಂಗೆ ಪೂಜೆ ಮಾಡುತ್ತಾಳೆ, ಬಾವಿಯಂತೆ ಎದೆಯೂ ಬತ್ತದಿರಲಿ ಎಂದು. ಇಲ್ಲಿ ಬಾವಿ ಎಲ್ಲಿ? ಪರಿಚಯದ ರಾವ್ ಅಂಕಲ್ ನಿವೃತ್ತ ಇಂಜಿನಿಯರ್, ಹಳೆಯ ಕಟ್ಟಡಗಳ ಹುಚ್ಚಿನವರು. ನನ್ನ ಪೇಚಾಟ ಕೇಳಿ, ಒಂದು ದಿನ ಆಸ್ಪತ್ರೆಯಿಂದ ಬರುವಾಗ ಅವರೇ ನಮ್ಮಿಬ್ಬರನ್ನು ಒಂದು ಜಾಗಕ್ಕೆ ಕರೆದೊಯ್ದರು. ಪೋಟೋಮ್ಯಾಕ್ ನದಿಯ ನೀರನ್ನು ನಗರಕ್ಕೆ ಒಯ್ಯುವ, ನೂರೈವತ್ತು ವರ್ಷಕ್ಕೂ ಹಳೆಯ ಇಟ್ಟಿಗೆಯ ಸುರಂಗ ಅಲ್ಲಿ ರಸ್ತೆಯ ಅಡಿಯಲ್ಲೇ ಇದೆ. ಅದಕ್ಕೆ ಗಾಳಿಯಾಡಲೆಂದು ಪಕ್ಕದ ಹುಲ್ಲಿನಲ್ಲಿ ಪುಟ್ಟ ಕಲ್ಲಿನ ಗೂಡು, ಕಬ್ಬಿಣದ ಬಾಗಿಲು.

“ಪಂಪೇ ಇಲ್ಲ ಕಣಮ್ಮ, ಇಳಿಜಾರಲ್ಲಿ ತಾನಾಗೇ ಹರಿಯತ್ತೆ. ಏನ್ ಲೆಕ್ಕ ಹಾಕಿದಾರೆ ನೋಡು!”

“ಲಕ್ಕಿ, ಅಂಕಲ್. ನಂಗೆ ಪಂಪ್ ಇದ್ರೂ ಬರ್ತಿಲ್ಲ,” ಎಂದಳು ಮಗಳು. ಅಂಕಲ್ ಆಚೆ ತಿರುಗಿ ಕೆಮ್ಮಿದರು.

ಊರೆಲ್ಲ ಕುಡಿಯುವ ನೀರು, ಒಳಗೆ ಏನೂ ಬೀಳಬಾರದು ಎಂದು ಅವರು ಎಚ್ಚರಿಸಿದ್ದರಿಂದ ಅರಿಶಿನ, ಕುಂಕುಮ, ಹೂವನ್ನು ಪೇಪರ್ ಪ್ಲೇಟಿನಲ್ಲೇ ಇಟ್ಟು ಪೂಜೆ ಮುಗಿಸಿದೆವು. ಮಗಳು ಬಾಗಿಲಿಗೆ ಕಿವಿ ಹಚ್ಚಿದಳು.

“ಅಮ್ಮಾ, ಇಟ್ಸ್ ಸೋ ಲೌಡ್! ಕೇಳು.”

ನಾನೂ ಕಿವಿಯಿಟ್ಟೆ. ತುಂಬಿದ ಹೊಳೆಯ ಸದ್ದು. ಕೆನ್ನೆಗೆ ತಾಗಿದ ಕಬ್ಬಿಣದ ಬಾಗಿಲು ನಡುಗುತ್ತಿತ್ತು. ತಿರುಗಿ ನೋಡಿದರೆ ಮಗಳ ಕುರ್ತಾದ ಎದೆ ಒದ್ದೆಯಾಗಿತ್ತು. ಅವಳು ಅಲ್ಲೇ ನಿಂತು ಅತ್ತುಬಿಟ್ಟಳು.

ಮಾರನೆಯ ದಿನ ಅಂಕಲ್ ಫೋನ್ ಮಾಡಿದರು. “ಎಡವಟ್ಟಾಯ್ತಮ್ಮ. ರಿಪೇರಿಗೆ ಅಂತ ಆ ಸುರಂಗಾನ ಹೋದ ವಾರವೇ ಖಾಲಿ ಮಾಡಿದಾರಂತೆ. ನಾವು ಒಣ ಇಟ್ಟಿಗೆಗೆ ಪೂಜೆ ಮಾಡಿ ಬಂದ್ವಿ.”

ಸದ್ದು ಕೇಳಿಸಿತಲ್ಲ, ಬಾಗಿಲೂ ನಡುಗುತ್ತಿತ್ತಲ್ಲ ಎಂದೆ. ಆಚೆ ಇನ್ನೊಂದು ಸುರಂಗವಿದೆ, ಅದರದ್ದಿರಬಹುದು ಎಂದರು. ಮತ್ತೆ ಅವರೇ, “ಆದ್ರೆ ಅಷ್ಟು ದೂರದ್ದು ಆ ಬಾಗಿಲನ್ನ ನಡುಗ್ಸಲ್ಲ ಕಣಮ್ಮ,” ಎಂದರು.

ಕೆಲವರಿಗೆ ಹಾಲು ತಡವಾಗಿ ಇಳಿಯುತ್ತದೆ ಎಂದು ನರ್ಸ್ ಮೊದಲೇ ಹೇಳಿದ್ದಳು. ಅದನ್ನು ಒಪ್ಪುತ್ತೇನೆ. ಆ ಸದ್ದನ್ನು ಏನು ಮಾಡಲಿ?

ಮಗು ಮನೆಗೆ ಬಂತು, ಈಗ ಮನೆಯೆಲ್ಲ ಓಡಾಡುತ್ತದೆ. ಅಂಕಲ್ ಹೇಳಿದ್ದನ್ನು ಮಗಳಿಗೆ ತಿಳಿಸಿಲ್ಲ. ಆ ದಾರಿಯಲ್ಲಿ ಹೋಗುವಾಗಲೆಲ್ಲ ಅವಳು, “ಇಳಿದು ಕೇಳೋಣ್ವಾಮ್ಮಾ?” ಎನ್ನುತ್ತಾಳೆ. ಹೊತ್ತಾಯಿತು ನಡಿ ಎನ್ನುತ್ತೇನೆ. ರಿಪೇರಿ ಮುಗಿದಿದೆ, ಒಳಗೆ ಈಗ ನಿಜವಾಗಿ ನೀರು ಹರಿಯುತ್ತಿದೆ. ಅದರ ಸದ್ದು ನಾವು ಕೇಳಿದಂತಿರದಿದ್ದರೆ?