ಗಾಳೆಮ್ಮನ ಕಟ್ಟಿಗೆ ಬಣವೆ

ತಾವರಗೇರಾದ ಆಚೆ, ಹೊಲದಲ್ಲೇ ಮನೆ ಮಾಡಿಕೊಂಡಿರುವ ಗಾಳೆಮ್ಮನಿಗೆ ತನ್ನ ಕಟ್ಟಿಗೆ ಬಣವೆಯದೇ ಹೆಮ್ಮೆ. ಬೆಳೆ ಮುಗಿದ ಬದನೆ ಗಿಡಗಳನ್ನು ಬೇರುಸಹಿತ ಕಿತ್ತು, ಒಣಗಿಸಿ, ಹಿತ್ತಲಲ್ಲಿ ಆಳೆತ್ತರ ಒಟ್ಟುತ್ತಿದ್ದಳು. ಮನೆಯಲ್ಲಿ ಗ್ಯಾಸ್ ಇತ್ತು, ಅದು ಚಹಾಕ್ಕೆ ಮಾತ್ರ. ರೊಟ್ಟಿ ಬದನೆ ಕಟ್ಟಿಗೆಯ ಉರಿಯಲ್ಲೇ ಉಬ್ಬಬೇಕೆಂಬುದು ಅವಳ ಹಟ. ಬಣವೆ ಕರಗಿದ ಮನೆಯ ಹೆಂಗಸೆಂದರೆ ಅವಳ ಲೆಕ್ಕದಲ್ಲಿ ಮೈಗಳ್ಳಿ.

ಈ ವರ್ಷ ಅವಳ ಇಪ್ಪತ್ತು ಗುಂಟೆ ಬದನೆಗೆ ಕಾಯಿಕೊರಕ ಹುಳು ಬಿತ್ತು. ಸುಳಿಗಳು ಬಾಡಿ ಜೋತುಬಿದ್ದವು. ಕಾಯಿ ಮೇಲೆ ಮಿರಮಿರ ಮಿಂಚುತ್ತಿತ್ತು, ಸೀಳಿದರೆ ಒಳಗೆ ಗುಲಾಬಿ ಹುಳು. ಗಂಡ ಕನಕಪ್ಪ ವಾರವಾರ ಔಷಧಿ ಹೊಡೆದು ಬೇಸತ್ತ. ಗಾಳೆಮ್ಮ ಬಾಡಿದ ಸುಳಿ, ಹುಳುಕು ಕಾಯಿ ಎಲ್ಲವನ್ನೂ ಕಿತ್ತು, ಒಣಗಿದರೆ ಒಲೆಗಾದರೂ ಆದೀತೆಂದು ಬಣವೆಯ ಮೇಲೆ ಎಸೆಯುತ್ತಿದ್ದಳು.

ದೀಪಾವಳಿ ಹತ್ತಿರ ಬಂದಾಗ ಕನಕಪ್ಪ ಕಡೆಯ ಮಾತು ಹೇಳಿಬಿಟ್ಟ.

"ಎಳ್ಳಮಾಸಿ ಎಣಗಾಯಿಗೆ ಒಂದ್ ಬುಟ್ಟಿ ಛಲೋ ಕಾಯಿ ಕೊಡು, ಬದನಿ ಇರ್ಲಿ. ಇಲ್ಲಂದ್ರ ಟ್ರ್ಯಾಕ್ಟರ್ ಹೊಡಿಸಿ ಉಳ್ಳಾಗಡ್ಡಿ ಹಚ್ಚತೀನಿ."

ಅದು ಗಾಳೆಮ್ಮನ ತವರಿನ ಬದನೆ. ಮದುವೆಯಲ್ಲಿ ಅವ್ವ ಸೆರಗಿಗೆ ಕಟ್ಟಿಕೊಟ್ಟ ಬೀಜ, ಹದಿನೆಂಟು ವರ್ಷದಿಂದ ತಪ್ಪದೆ ಹಾಕಿಕೊಂಡು ಬಂದದ್ದು. ಈ ಸಲ ಬೀಜಕ್ಕೆ ಕಾಯಿ ನಿಲ್ಲದಿದ್ದರೆ ಆ ತಳಿಯೇ ಮುಗಿದಂತೆ.

ಔಷಧಿ ಅಂಗಡಿಯವನಿಗೆ ತೋರಿಸಲೆಂದು ಹುಳುಕು ಕಾಯಿಯೊಂದನ್ನು ಗಾಜಿನ ಭರಣಿಗೆ ಹಾಕಿ, ಬಾಯಿಗೆ ಬಟ್ಟೆ ಕಟ್ಟಿಟ್ಟಳು. ಹಬ್ಬದ ಗಡಿಬಿಡಿಯಲ್ಲಿ ಮರೆತೇಹೋಯಿತು. ಹದಿನೈದು ದಿನದ ಮೇಲೆ ನೋಡಿದರೆ ಹುಳುವಿಲ್ಲ. ಕಂದು ಚುಕ್ಕೆಯ ಪುಟ್ಟ ಬಿಳಿ ಪತಂಗವೊಂದು ಬಟ್ಟೆಗೆ ಅಂಟಿ ಕೂತಿದೆ.

ಅದೇ ಸಂಜೆ ಒಲೆಗೆಂದು ಬಣವೆಯಿಂದ ಕಟ್ಟಿಗೆ ಎಳೆದಳು. ಅಂಥವೇ ಹತ್ತಾರು ಪತಂಗ ಭುರ್ರನೆ ಎದ್ದು ಬದನೆ ಸಾಲಿನತ್ತ ಹಾರಿದವು. ಹುಳುವೇ ಪತಂಗವಾಗಿ, ಸಾಲಿಗೆ ಹೋಗಿ ಮೊಟ್ಟೆ ಇಡುತ್ತದೆಂದು ಗಾಳೆಮ್ಮನಿಗೆ ಆಗ ಹೊಳೆಯಿತು. ಇಷ್ಟು ದಿನ ಹುಳುವಿಗೆ ತಾನೇ ಮನೆ ಕಟ್ಟಿಕೊಟ್ಟು ಕಾಯುತ್ತಿದ್ದಳಲ್ಲ! ನಾಚಿಕೆಯೂ ಆಯಿತು, ಸಿಟ್ಟೂ ಬಂತು.

ಬೆಳಗಾಗುತ್ತಲೇ ಇಡೀ ಬಣವೆಗೆ ಬೆಂಕಿ ಇಟ್ಟಳು.

"ಹುಚ್ಚ ಹಿಡದೈತೇನ ನಿನಗ? ವರ್ಷದ ಕಟ್ಟಿಗಿ!" ಕನಕಪ್ಪ ಓಡಿಬಂದ.

ಅವಳು ಭರಣಿಯನ್ನು ಅವನ ಮುಂದೆ ಹಿಡಿದಳು. "ನೋಡ್ರಿ ಇಲ್ಲಿ, ಹುಳದ ಅವ್ವ ಇಕಿ. ನಮ್ಮ ಬಣವ್ಯಾಗ ಬಾಣಂತನ ನಡಿಸ್ಯಾಳ."

ಕನಕಪ್ಪ ಭರಣಿ ನೋಡಿದ, ಉರಿ ನೋಡಿದ. ಆಮೇಲೆ ಕೋಲೊಂದನ್ನು ತೆಗೆದುಕೊಂಡು ಅಂಚಿನ ಕಟ್ಟಿಗೆಯನ್ನೂ ಬೆಂಕಿಗೆ ತಳ್ಳತೊಡಗಿದ.

ಅಂದಿನಿಂದ ಕಿತ್ತ ಸುಳಿ, ಹುಳುಕು ಕಾಯಿ ಆವತ್ತಾವತ್ತೇ ಬೆಂಕಿಗೆ. ರೊಟ್ಟಿಯನ್ನು ಗ್ಯಾಸಿನ ಮೇಲೆ ಬೇಯಿಸಿದಳು, ಗೊಣಗುತ್ತಲೇ. ತಿಂಗಳೊಪ್ಪತ್ತಿನಲ್ಲಿ ಸುಳಿಗಳು ತಲೆಯೆತ್ತಿ ನಿಂತವು.

ಎಳ್ಳಮಾವಾಸ್ಯೆಯ ದಿನ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ ಹೊಲದಲ್ಲೇ ಊಟಕ್ಕೆ ಕೂತರು. ಒಂದು ಬುಟ್ಟಿ ಕಾಯಿಯಲ್ಲಿ ಮೂರು ಹುಳುಕು ಸಿಕ್ಕಿದ್ದನ್ನು ಗಾಳೆಮ್ಮ ಮುಚ್ಚಿಡಲಿಲ್ಲ. ಕನಕಪ್ಪ ಮಸಾಲೆ ತುಂಬಿದ ಎಣಗಾಯಿ ಬಿಡಿಸಿ, ಕಣ್ಣಿನ ಹತ್ತಿರ ಹಿಡಿದು ನೋಡಿ, ತಿಂದ. ಇನ್ನೊಂದು ಹಾಕಿಸಿಕೊಂಡ. ಅವಳು ಅವನ ತಟ್ಟೆಯನ್ನೇ ನೋಡುತ್ತಿದ್ದಳು.

ಕೈ ತೊಳೆದವನು ಬದನೆ ಸಾಲಿಗೆ ಹೋದ. ದಪ್ಪ ಕಾಯಿಯೊಂದನ್ನು ಹುಡುಕಿ, ಹೆಗಲ ಟವೆಲಿನ ಅಂಚು ಹರಿದು ಅದರ ತೊಟ್ಟಿಗೆ ಕಟ್ಟಿದ.

"ಇದನ್ನ ಹರಿಬ್ಯಾಡ," ಅಂದ. "ಬೀಜಕ್ಕ ಇರ್ಲಿ."