ಗೈರುಹಾಜರಾಗಿ ಬಿದ್ದ ಮೇಸ್ತ್ರಿ

ನಮ್ಮ ಭಾವ ಗಾರೆ ಮೇಸ್ತ್ರಿ. ಗಿಲಾವು ಮುಗಿದ ಕೂಡಲೇ ಹಸಿ ಗೋಡೆಯ ಮೇಲೆ ಕರಣೆಯ ತುದಿಯಿಂದ ಅಂದಿನ ತಾರೀಖನ್ನು ದಪ್ಪಗೆ ಗೀಚುವುದು ಅವರ ರೂಢಿ. ಎಷ್ಟು ದಿನ ನೀರು ಹೊಡೆಯಬೇಕೆಂಬುದು ಅದರಿಂದ ತಿಳಿಯುತ್ತದೆ. ಒಂದು ದಿನ ಹೀಗೆ ಗೀಚುತ್ತಿರುವಾಗಲೇ ಕಾಲಡಿಯ ಸಾರುವೆ ಹಲಗೆ ಮುರಿದು, ಮೊದಲ ಮಹಡಿಯಿಂದ ಬಿದ್ದು ಕಾಲು ಮುರಿದುಕೊಂಡರು.

ಗುತ್ತಿಗೆದಾರನೆಂಬ ಪುಣ್ಯಾತ್ಮ ಓಡಿದ. ಆಸ್ಪತ್ರೆಗಲ್ಲ, ಹಾಜರಿ ಪುಸ್ತಕಕ್ಕೆ. ಭಾವನ ಹೆಸರಿನ ಮುಂದೆ ‘ಗೈರು’ ಎಂದು ಬರೆದ. ಕೆಲಸಕ್ಕೇ ಬಾರದವನಿಗೆ ಯಾವ ಕಾನೂನು, ಯಾವ ಪರಿಹಾರ?

ಭಾವ ಅರ್ಜಿ ಹಾಕಿದರು. ವಿಚಾರಣೆಗೆಂದು ಕಾರ್ಮಿಕ ಇಲಾಖೆಯ ಮೇಡಂ ಕಟ್ಟಡದ ಹತ್ತಿರವೇ ಬಂದರು. ಗುತ್ತಿಗೆದಾರ ಬಾಯಲ್ಲಿ ಬೆರಳಿಟ್ಟರೆ ಕಚ್ಚಲು ಬಾರದವನಂತೆ ಹೇಳಿದ: “ಅವತ್ತು ಇವನು ಬಂದೇ ಇರ್ಲಿಲ್ಲ ಮೇಡಂ. ಎಲ್ಲೋ ಬಿದ್ದು ನಮ್ಮ ತಲೆಗೆ ಕಟ್ತಿದಾನೆ.”

ಭಾವ ಊರುಗೋಲನ್ನೆತ್ತಿ ತೋರಿಸಿದರು. “ನನ್ನ ಹಾಜರಿ ಅಲ್ಲಿದೆ, ನೋಡಿ ಮೇಡಂ.”

ಬಣ್ಣ ಕಾಣದ ಹೊರಗೋಡೆಯ ಮೇಲೆ ಅಂದಿನ ತಾರೀಖಿತ್ತು. ಅದರ ಕೊನೆಯ ಅಂಕಿಯ ಬಾಲ ಮಾತ್ರ ಎಲ್ಲೂ ನಿಲ್ಲದೆ ಗೋಡೆಯುದ್ದಕ್ಕೂ ಕೆಳಗಿಳಿದಿತ್ತು.

ಅದನ್ನು ನೋಡಿದ್ದೇ ಗುತ್ತಿಗೆದಾರನ ಪಿತ್ತ ನೆತ್ತಿಗೇರಿತು. “ಅಯ್ಯೋ, ನನ್ನ ಗೋಡೆ! ಬೀಳೋವಾಗಲಾದ್ರೂ ಕರಣೆ ಬಿಡಬಾರದಾಗಿತ್ತೇನೋ?”

ಮೇಡಂ ಅದನ್ನೂ ಬರೆದುಕೊಂಡರು.