ಓಟು ಕೇಳಿದವಳ ವೇಷ

ಕಲೋನ್‌ನ ನಮ್ಮ ಬಡಾವಣೆಯಲ್ಲಿ ಹೆಂಗಸರ ಇತಿಹಾಸ ಸಂಗ್ರಹಿಸುವ ಸಣ್ಣ ಸಂಘವೊಂದಿದೆ. ಜೀವಶಾಸ್ತ್ರ ಕಲಿಸಿ ನಿವೃತ್ತರಾದ ಶಿಕ್ಷಕಿಯೊಬ್ಬರು ಅದರ ಅಧ್ಯಕ್ಷೆ. ಬೇಸಿಗೆಯ ಭಾನುವಾರಗಳಲ್ಲಿ ಅವರು ಜನರನ್ನು ಬೀದಿ ಬೀದಿ ಸುತ್ತಿಸಿ, ಇಲ್ಲಿ ಬಾಳಿ ಹೋದ ಹೆಂಗಸರ ಕಥೆ ಹೇಳಿಸುತ್ತಾರೆ. ಪ್ರತಿ ಕಥೆಗೂ ಒಬ್ಬರು ಆ ಕಾಲದ ಉಡುಪು ತೊಟ್ಟು ನಿಲ್ಲಬೇಕು. ನಾನು ಸಂಘ ಸೇರಿದ್ದು ಜರ್ಮನ್ ಮಾತಾಡಿ ಅಭ್ಯಾಸವಾಗಲಿ ಎಂದು. ನನ್ನ ಕೆಲಸ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ. ಅಲ್ಲಿ ದಿನವೆಲ್ಲ ಇಂಗ್ಲಿಷಿನಲ್ಲೇ ಕಳೆದುಹೋಗುತ್ತದೆ.

ಆ ವರ್ಷ, ಹಳೆ ಕಾಲದ ರಸಾಯನಶಾಸ್ತ್ರಜ್ಞೆಯೊಬ್ಬಳ ಪಾತ್ರ ಮಾಡುತ್ತಿದ್ದವರು ಬೇರೆ ಊರಿಗೆ ಹೋದರು. ಅಧ್ಯಕ್ಷೆ ನನ್ನತ್ತ ತಿರುಗಿ, "ನೀವು ರಸಾಯನಶಾಸ್ತ್ರದವರು, ಆಕೆಯೂ ಅದೇ. ನೀವೇ ಮಾಡಿ," ಎಂದರು.

"ಆಕೆ ಜರ್ಮನ್. ನಾನು ಧಾರವಾಡದವಳು. ಪದಗಳ ಲಿಂಗ ನನಗೆ ಬರಲ್ಲ, ಡೆರ್, ಡೀ, ಡಾಸ್ ಎಲ್ಲ ಕಲಸಿಹೋಗ್ತವೆ."

"ಆಕೆ ಸತ್ತು ಎಷ್ಟೋ ಕಾಲವಾಯಿತು. ತಪ್ಪು ಹುಡುಕಲು ಬರುವುದಿಲ್ಲ ಬಿಡಿ."

ಆಕೆ ರೈನ್ ದಂಡೆಯ ಬಣ್ಣದ ವ್ಯಾಪಾರಿಯ ಮಗಳು. ಇಲ್ಲಿನ ವಿಶ್ವವಿದ್ಯಾಲಯಗಳು ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳದ ಕಾಲದಲ್ಲಿ ಜ್ಯೂರಿಕ್‌ಗೆ ಹೋಗಿ ಓದಿದಳು. ಡಾಕ್ಟರೇಟ್ ಪಡೆದು ಮರಳಿದರೆ ಕೆಲಸ ಕೊಡುವವರಿಲ್ಲ. ಪ್ರಯೋಗಾಲಯವೊಂದರಲ್ಲಿ ಸಂಬಳವಿಲ್ಲದೆ ಬಾವಿಯ ನೀರು, ನದಿಯ ನೀರು ಪರೀಕ್ಷಿಸುತ್ತ ಕೂತಳು. ಟೈಫಾಯ್ಡ್ ಎದ್ದ ಗಲ್ಲಿಗಳ ಬಾವಿ ಮುಚ್ಚಿಸಿ ಎಂದು ನಗರಸಭೆಗೆ ಹೋಗಿ ಹೇಳಿದಳು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ನೀರು ಹೊರುವವರು ಹೆಂಗಸರು, ನೀರಿನ ವಿಷಯ ನಿರ್ಧರಿಸುವವರನ್ನು ಆರಿಸುವವರು ಗಂಡಸರು. ಆ ಸಿಟ್ಟಿನಲ್ಲೇ ಅವಳು ಮತದಾನದ ಹಕ್ಕಿನ ಹೋರಾಟಕ್ಕೆ ಇಳಿದದ್ದು.

ಆಗ ರಾಜಕೀಯ ಸಭೆಗೆ ಬಂದ ಹೆಂಗಸರು ಹಗ್ಗ ಕಟ್ಟಿದ ಬೇರೆ ಜಾಗದಲ್ಲಿ ತೆಪ್ಪಗೆ ಕೂತಿರಬೇಕಿತ್ತು. ಬಾಯಿ ಬಿಟ್ಟರೆ ಪೊಲೀಸರು ಸಭೆಯನ್ನೇ ಮುಗಿಸಿಬಿಡುವರು. ಅವಳು ಎದ್ದು ನಿಂತು ಮಾತಾಡಿದಳು. ಸಭೆ ಮುಗಿಯಿತು. ಮುಂದಿನ ಸಭೆಗೂ ಹೋದಳು. ಮಹಾಯುದ್ಧ ಮುಗಿದು ಚಕ್ರವರ್ತಿ ದೇಶ ಬಿಟ್ಟ ಆ ಚಳಿಗಾಲದಲ್ಲಿ, ಕೂದಲು ನರೆತ ಮೇಲೆ, ಮೊದಲ ಸಲ ಓಟು ಹಾಕಿದಳು.

ನಾನು ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತ ಈ ಕಥೆಯನ್ನು ಜರ್ಮನ್‌ನಲ್ಲಿ ಬಾಯಿಪಾಠ ಮಾಡುತ್ತಿದ್ದೆ. ಗಂಡ ಬಾಗಿಲಲ್ಲಿ ನಿಂತು ಕೇಳುತ್ತಿದ್ದರು.

"ನಿನ್ನ ಜರ್ಮನ್ ಕೇಳಾಕ ಮಂದಿ ಟಿಕೆಟ್ ತಗೊಂಡು ಬರ್ತಾರೇನು?"

"ಬರ್ತಾರ. ನೀವೂ ಒಂದು ತಗೊಳ್ರಿ."

ಸಂಘ ಕೊಟ್ಟ ಉಡುಪು ನನಗೆ ಒಂದು ಗೇಣು ಉದ್ದವಾಗಿತ್ತು. ಟ್ರಾಮ್ ನಿಲ್ದಾಣದ ಬಳಿ ಹಳೆ ಬಟ್ಟೆ ಸರಿಮಾಡಿಕೊಡುವ ಅಂಗಡಿಯಿದೆ. ಅದರ ಒಡತಿ ಟರ್ಕಿಯಿಂದ ಬಂದವರು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡು ನನ್ನ ಸುತ್ತ ತಿರುಗುತ್ತ, ಯಾವ ನಾಟಕ ಎಂದು ಕೇಳಿದರು. ಹೇಳಿದೆ. "ನಾನೂ ಬರ್ತೀನಿ, ಭಾನುವಾರ ಅಂಗಡಿ ಮುಚ್ಚಿರುತ್ತೆ," ಎಂದರು.

ಆ ಭಾನುವಾರ ಗಾಳಿ ಜೋರಾಗಿತ್ತು. ಒಂದು ಕೈಯಲ್ಲಿ ಹ್ಯಾಟು ಹಿಡಿದು ಶುರು ಮಾಡಿದೆ. ಜ್ಯೂರಿಕ್ ದಾಟಿತು, ಪ್ರಯೋಗಾಲಯ ದಾಟಿತು. ಹಗ್ಗದ ವಿಷಯಕ್ಕೆ ಬರುವಷ್ಟರಲ್ಲಿ ಎದುರಿಗೆ ಟ್ರಾಮ್ ಗಂಟೆ ಬಾರಿಸಿತು, ನನ್ನ ಬಾಯಿಪಾಠ ಹಾರಿಹೋಯಿತು. ಗುಂಪಿನ ಹಿಂದೆ ನಿಂತಿದ್ದ ಗಂಡ ನೆಲ ನೋಡತೊಡಗಿದರು. ಬೇರೆ ದಾರಿ ಕಾಣದೆ ನನಗೆ ಬರುವ ಮುರುಕು ಜರ್ಮನ್‌ನಲ್ಲೇ ಹೇಳಿದೆ: ಅವಳಿಗೆ ಕುರ್ಚಿ ಕೊಟ್ಟರು, ಬಾಯಿ ಮುಚ್ಚು ಎಂದರು, ಅವಳು ಎದ್ದಳು. ವ್ಯಾಕರಣ ಎಲ್ಲೆಲ್ಲೋ ಹೋಯಿತು. ಯಾರೂ ನಗಲಿಲ್ಲ. ಕಥೆ ಮುಗಿದಾಗ ಚಪ್ಪಾಳೆಯೂ ಬಿತ್ತು.

ಆಗ ಕೋಲು ಹಿಡಿದ ಹಿರಿಯರೊಬ್ಬರು, "ಈಗ ನೀವೂ ಓಟು ಹಾಕ್ತೀರಲ್ಲ? ಅವರಂಥವರ ಹೋರಾಟದಿಂದಲೇ ಅಲ್ಲವೇ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಕೇಳಿದ್ದು.

ಊರಿನಲ್ಲಿ ಓಟಿನ ವಯಸ್ಸು ಬಂದ ಮೇಲಿನ ಮೊದಲ ಚುನಾವಣೆಗೆ ಹಾಸ್ಟೆಲ್‌ನಲ್ಲಿ ಓದುತ್ತ ಕೂತಿದ್ದೆ. ಮುಂದಿನದು ಬರುವ ಹೊತ್ತಿಗೆ ವಿಮಾನ ಹತ್ತಿದ್ದೆ. ಇಲ್ಲಿ ಓಟು ಹಾಕಲು ಪೌರತ್ವ ಬೇಕು, ಅದು ಬೇಕೆಂದರೆ ಭಾರತದ ಪಾಸ್‌ಪೋರ್ಟ್ ಬಿಡಬೇಕು. ಮನೆಯಲ್ಲಿ ಆ ಮಾತು ಎದ್ದಾಗಲೆಲ್ಲ ಮುಂದಕ್ಕೆ ತಳ್ಳುತ್ತಿದ್ದೆವು. ನಲವತ್ತು ದಾಟಿದ್ದರೂ ನಾನು ಬದುಕಿನಲ್ಲಿ ಒಮ್ಮೆಯೂ ಓಟು ಹಾಕಿರಲಿಲ್ಲ.

"ಇಲ್ಲ," ಎಂದೆ. "ಯಾವತ್ತೂ ಹಾಕಿಲ್ಲ."

"ಇಲ್ಲಿ ನಾನೂ ಹಾಕಿಲ್ಲ!" ಗುಂಪಿನಿಂದ ಅಂಗಡಿಯ ಒಡತಿ ಕೂಗಿದರು. "ಬಂದಾಗ ದೊಡ್ಡ ಮಗ ಹೊಟ್ಟೆಯಲ್ಲಿದ್ದ. ಈಗ ಅವನ ತಲೆಯೇ ಬೋಳಾಗಿದೆ."

ಎಲ್ಲರೂ ನಕ್ಕರು. ಆದರೆ ನನ್ನ ಮುಖ ನೋಡಿ ಅಧ್ಯಕ್ಷೆ ನಮ್ಮಿಬ್ಬರನ್ನೂ ಕಾಫಿಗೆ ಕರೆದೊಯ್ದರು. ವಿದೇಶಿಯರ ವಿಷಯದಲ್ಲಿ ನಗರಸಭೆಗೆ ಸಲಹೆ ಕೊಡುವ ಮಂಡಳಿಯೊಂದಿದೆ, ಅದಕ್ಕೆ ನಿಮ್ಮಂಥವರೇ ಓಟು ಹಾಕಬೇಕು, ಮನೆಗೆ ಕಾರ್ಡ್ ಬರುತ್ತದೆ ಎಂದರು. ಅಂಥದ್ದನ್ನು ಪಿಜ್ಜಾ ಜಾಹೀರಾತಿನ ಜೊತೆ ಕಸಕ್ಕೆ ಹಾಕಿದ ನೆನಪಾಯಿತು.

"ಬರೀ ಸಲಹೆಯಾ?" ಒಡತಿ ಮುಖ ಸಿಂಡರಿಸಿದರು.

"ಬರೀ ಸಲಹೆ. ಆದರೂ ಹೋಗಿ."

ಸೆಪ್ಟೆಂಬರಿನಲ್ಲಿ ಕಾರ್ಡ್ ಹಿಡಿದು ನಾನು, ಗಂಡ, ಒಡತಿ ಹೋದೆವು. ಮತಗಟ್ಟೆ ಒಂದು ಪ್ರಾಥಮಿಕ ಶಾಲೆಯ ತರಗತಿ. ಗೋಡೆಯ ತುಂಬ ಮಕ್ಕಳು ಬಿಡಿಸಿದ ಮುಳ್ಳುಹಂದಿಗಳು. ಗಂಡ ಮೊದಲು ಹಾಕಿ ಬಂದರು. ಮೇಜಿನ ಹಿಂದಿನ ಹುಡುಗಿ ನನ್ನ ಹೆಸರನ್ನು ಕಷ್ಟಪಟ್ಟು ಓದಿ, ಸರಿಯಾ ಎಂದು ಕೇಳಿದಳು. ಸರಿಯಿರಲಿಲ್ಲ, ಆದರೂ ಹೂಂ ಎಂದೆ. ರಟ್ಟಿನ ಮರೆಯಲ್ಲಿ ಪೆನ್ಸಿಲ್ ಹಿಡಿದು ಮತಪತ್ರ ಬಿಡಿಸಿದೆ. ಹಾಳೆ ಕಂಬಳಿಯಷ್ಟು ಅಗಲ. ಗುರುತು ಹಾಕಿ, ಸರಿಯಾದ ಸಾಲಿನಲ್ಲೇ ಹಾಕಿದೆನೇ ಎಂದು ಮತ್ತೆ ಮತ್ತೆ ನೋಡಿ, ಮಡಚಿ ಪೆಟ್ಟಿಗೆಗೆ ಹಾಕಿದೆ. ಹಗುರಾಯಿತು. ಈ ಚಳಿಗಾಲ ಪೌರತ್ವದ ಬಗ್ಗೆ ಕೂತು ಮಾತಾಡೋಣ ಎಂದು ಗಂಡನಿಗೆ ಅಲ್ಲೇ ಹೇಳಿದೆ.

"ಮಾತಾಡೂಣು," ಎಂದರು.

ಅಂಗಳದಲ್ಲಿ ಪೋಷಕರು ಪ್ಲಮ್ ಕೇಕು ಮಾರುತ್ತಿದ್ದರು. ಒಡತಿ ನಮಗೆಲ್ಲ ಒಂದೊಂದು ತುಂಡು ಕೊಡಿಸಿ, ಬೆಂಚಿನ ಮೇಲೆ ನನ್ನ ಪಕ್ಕ ಕೂತರು.

"ಯಾರಿಗೆ ಹಾಕಿದೆ?"

"ಹಾಗೆಲ್ಲ ಕೇಳಬಾರದು, ಅದು ಗುಟ್ಟು," ಎಂದೆ.

"ಸರಿ, ಹೇಳಬೇಡ." ಕೇಕಿನ ಮೇಲೆ ಕೂತ ಕಣಜವನ್ನು ಓಡಿಸಿ ಅವರು ನನ್ನ ಕಿವಿಯ ಹತ್ತಿರ ಬಾಗಿದರು. "ನಾನು ಯಾರಿಗೆ ಹಾಕಿದೆ ಗೊತ್ತಾ?"